ಕ್ಯಾಲೆಂಡರಿನಲ್ಲಿ ‘ಎ.ಕ.’

ಮಾರ್ಚ್ 3, ಸೋಮವಾರ. ಬೆಳಿಗ್ಗೆ ಆರು ಗಂಟೆ ದಾಟಿತ್ತು. ಹೊರಗೆ ಇನ್ನೂ ಮಬ್ಬು. ತಲೆ ಬಾಚಿಕೊಳ್ಳೋಣ ಅಂತ ಬಚ್ಚಲುಮನೆ ಕಿಟಕಿಯ ಮೇಲಿದ್ದ ಕೊಬ್ಬರಿ ಎಣ್ಣೆ ಬಾಟಲಿ ತೆಗೆದುಕೊಂಡೆ. ರೂಢಿಯ ಮೇಲೆ ಇನ್ನೊಂದು ಕೈ ಪಕ್ಕದ ಲೋಟದಲ್ಲಿದ್ದ ಐಸ್‌ಕ್ರೀಮ್ ಕಡ್ಡಿಗೆ ಹೋಯಿತು. ಮೂರು ತಿಂಗಳಿಂದ ಆ ಕಡ್ಡಿಯಲ್ಲೇ ಎಣ್ಣೆ ಕೆರೆದು ತೆಗೆಯುತ್ತಿದ್ದೆ. ಕಡ್ಡಿ ಹಾಕುವ ಮೊದಲೇ ಬಾಟಲಿ ಸ್ವಲ್ಪ ಓರೆಯಾಯಿತು. ಎಣ್ಣೆ ತಾನಾಗೇ ಹರಿದು ಬಂದು ಅಂಗೈ ತುಂಬಿತು.

ಹಾಗೇ ನಿಂತುಬಿಟ್ಟೆ. ಅಂಗೈಯಲ್ಲಿ ತಿಳಿನೀರಿನಂಥ ಎಣ್ಣೆ. ಬೆರಳ ಸಂದಿಯಿಂದ ಇಳಿದು ಮುಂಗೈವರೆಗೂ ಬರುತ್ತಿತ್ತು. ಒರೆಸಿಕೊಳ್ಳಲು ಮನಸ್ಸಾಗಲಿಲ್ಲ. ಎಷ್ಟೋ ದಿನದ ಮೇಲೆ ಬೆಳಿಗ್ಗೆ ಬೆಳಿಗ್ಗೆಯೇ ಮುಖದಲ್ಲಿ ನಗು ಬಂದಿತ್ತು. ಎದುರಿಗಿದ್ದ ಕನ್ನಡಿಯಲ್ಲಿ ನಾನೇ ನೋಡಿದೆ.

ಹಿಂದಿನ ಬುಧವಾರ ಶಿವರಾತ್ರಿ ಆಗಿತ್ತು. ಶಿವರಾತ್ರಿಗೆ ಚಳಿ ‘ಶಿವಶಿವಾ’ ಅಂತ ಓಡಿಹೋಗುತ್ತದೆ ಅನ್ನುವ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ನಮ್ಮ ಮನೆಯಲ್ಲಿ ಮಾತ್ರ ಚಳಿಯ ಲೆಕ್ಕ ಈ ಬಾಟಲಿಯದ್ದು. ಕೊಬ್ಬರಿ ಎಣ್ಣೆ ಕರಗುವುದು ಸುಮಾರು 24 ಡಿಗ್ರಿಯಲ್ಲಿ. ಫೆಬ್ರವರಿ ಎರಡನೇ ವಾರದಿಂದಲೇ ಅದರಲ್ಲಿ ಬದಲಾವಣೆ ಶುರುವಾಗಿತ್ತು. ರಜೆಯ ದಿನ ಮಧ್ಯಾಹ್ನ ನೋಡಿದರೆ ಬಾಟಲಿಯ ಅಂಚಿನಲ್ಲಿ ಎಣ್ಣೆ ತಿಳಿಯಾಗಿರುತ್ತಿತ್ತು. ನಡುವೆ ಮಾತ್ರ ಒಂದು ಬಿಳಿ ಗಡ್ಡೆ ತೇಲುತ್ತಿರುತ್ತಿತ್ತು. ಬಾಟಲಿ ಅಲ್ಲಾಡಿಸಿದರೆ ಗಡ್ಡೆ ಮೆಲ್ಲಗೆ ತಿರುಗುತ್ತಿತ್ತು. ಮಾರನೇ ದಿನ ಬೆಳಿಗ್ಗೆ ಮತ್ತೆ ಎಲ್ಲ ಕಲ್ಲು. ಹೀಗೆ ಹಗಲು ಕರಗುವುದು, ರಾತ್ರಿ ಗಟ್ಟಿಯಾಗುವುದು ಮೂರು ವಾರ ನಡೆಯಿತು. ಒಂದು ರಾತ್ರಿ ಕಳೆದರೂ ಎಣ್ಣೆ ಎಣ್ಣೆಯಾಗಿಯೇ ಉಳಿದಿದ್ದು ಆ ಸೋಮವಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಆದರೂ ಇದಕ್ಕೆ ಇಷ್ಟು ಖುಷಿಪಡಬಹುದು ಅಂತ ಈ ವರ್ಷದವರೆಗೆ ಗೊತ್ತಿರಲಿಲ್ಲ.

ನಮ್ಮ ಹಾಸನ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗಿಂತ ಮೇಲಿದೆ. ಬಡವರ ಊಟಿ ಅಂತ ಹೆಸರು ಬೇರೆ. ಚಳಿಗಾಲದಲ್ಲಿ ಬಂದ ನೆಂಟರಿಗೆ ಇಲ್ಲಿಯ ಮಂಜು ಬಹಳ ಇಷ್ಟ. ನನಗೂ ಇಷ್ಟವೇ ಇತ್ತು. ಈ ಸಲ ಹಾಗಿರಲಿಲ್ಲ. ಅಮ್ಮನಿಗೆ 76. ದೀಪಾವಳಿ ಕಳೆದದ್ದೇ ತಡ, ಉಬ್ಬಸ ಹಿಡಿಯಿತು. ರಾತ್ರಿ ಎರಡು ಗಂಟೆಗೆ, ಮೂರು ಗಂಟೆಗೆ ಎದ್ದು ಕೂರುತ್ತಿದ್ದಳು. ದಿಂಬಿನ ಮೇಲೆ ದಿಂಬಿಟ್ಟು ಒರಗಿಸಿ, ನೆಬ್ಯುಲೈಜರ್ ಹಾಕಿ, ಬಿಸಿನೀರು ಕುಡಿಸಿ, ಅವಳಿಗೆ ಕಣ್ಣು ಹತ್ತುವ ಹೊತ್ತಿಗೆ ಹಾಲಿನವನ ಬೈಕು ಬರುತ್ತಿತ್ತು. ನಮ್ಮನೆಯವರಿಗೆ ತುಮಕೂರಿನಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಾರೆ. ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ಡಿಸೆಂಬರ್ ಜನವರಿ ಎರಡು ತಿಂಗಳು ನಾವಿಬ್ಬರೇ, ಕಿಟಕಿ ಬಾಗಿಲು ಹಾಕಿದ ಮನೆ, ಅವಳ ಎದೆಯ ಗೊರಗೊರ ಸದ್ದು. ಸ್ಕೂಲಿನಲ್ಲಿ ಪಾಠ ಮಾಡುವಾಗಲೂ ಆ ಸದ್ದು ಕಿವಿಯಲ್ಲಿರುತ್ತಿತ್ತು. ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುವುದಕ್ಕೂ ಬೇಜಾರು. ಮನಸ್ಸು ಸೋತಿತ್ತು. ಅದಕ್ಕಿಂತ ಬೇರೆ ಮಾತು ನನಗೆ ಸಿಗುತ್ತಿಲ್ಲ.

ಅಂಥ ಹೊತ್ತಿನಲ್ಲಿ ಮೊದಲು ಕೈ ಹಿಡಿದಿದ್ದು ಒಬ್ಬ ಹುಡುಗಿಯ ಪ್ರಶ್ನೆ.

ಜನವರಿ ಕೊನೆಯ ವಾರ. ಎಂಟನೇ ಕ್ಲಾಸು. ಉತ್ತರಾಯಣ, ದಕ್ಷಿಣಾಯನ ಅಂತ ಏನೋ ಹೇಳುತ್ತಿದ್ದೆ. ಸಂಕ್ರಾಂತಿ ಬಂತು, ಇನ್ನು ದಿನ ದೊಡ್ಡದಾಗುತ್ತಾ ಹೋಗುತ್ತದೆ ಅಂದೆ. ಎಸ್ಟೇಟ್ ಲೈನಿನಿಂದ ಮೂರು ಕಿಲೋಮೀಟರ್ ನಡೆದು ಬರುವ ಹುಡುಗಿ ಎದ್ದು ನಿಂತಳು. “ಮಿಸ್, ದಿನ ದೊಡ್ಡದಾಗಿದ್ರೆ ನಾನು ಹೊರಡೋವಾಗ ಇನ್ನೂ ಕತ್ತಲೆ ಜಾಸ್ತಿ ಆಗೈತಲ್ಲ? ಹೋದ ತಿಂಗಳಿಗಿಂತ ಈಗ್ಲೇ ಜಾಸ್ತಿ.”

ನಾಳೆ ಹೇಳ್ತೀನಿ ಅಂದೆ. ಮನೆಗೆ ಬಂದು ಪಂಚಾಂಗ ತೆಗೆದು ಸೂರ್ಯೋದಯದ ಸಮಯ ನೋಡುತ್ತಾ ಹೋದೆ. ಅವಳು ಹೇಳಿದ್ದು ಅಕ್ಷರಶಃ ನಿಜ. ಡಿಸೆಂಬರ್ 21ಕ್ಕಿಂತ ಜನವರಿ ಕೊನೆಯಲ್ಲಿ ಸೂರ್ಯ ಹುಟ್ಟುವುದು ಸುಮಾರು ಹತ್ತು ನಿಮಿಷ ತಡ. ಇಡೀ ವರ್ಷದಲ್ಲಿ ನಮ್ಮ ಕಡೆ ಬೆಳಗು ತೀರಾ ತಡವಾಗುವುದು ಜನವರಿ ಕೊನೆಯ ದಿನಗಳಲ್ಲೇ. ಹಾಗಾದರೆ ದಿನ ದೊಡ್ಡದಾಗುವುದು ಎಲ್ಲಿ? ಸಂಜೆಯಲ್ಲಿ. ಅದೇ ಐದೂವರೆ ವಾರದಲ್ಲಿ ಸೂರ್ಯ ಮುಳುಗುವುದು ಇಪ್ಪತ್ತು ನಿಮಿಷದಷ್ಟು ಮುಂದಕ್ಕೆ ಹೋಗಿರುತ್ತದೆ. ಭೂಮಿ ಸೂರ್ಯನನ್ನು ಸುತ್ತುವ ದಾರಿ ಪೂರ್ತಿ ದುಂಡಗಿಲ್ಲ, ಭೂಮಿ ವಾಲಿಕೊಂಡು ತಿರುಗುತ್ತದೆ. ಇವೆರಡೂ ಸೇರಿ ಸೂರ್ಯನ ಮಧ್ಯಾಹ್ನ ಗಡಿಯಾರಕ್ಕಿಂತ ದಿನಾ ಒಂದಿಷ್ಟು ಹಿಂದೆ ಬೀಳುತ್ತದೆ. ಫೆಬ್ರವರಿ ಎರಡನೇ ವಾರದವರೆಗೂ ಹೀಗೇ. ಅದಕ್ಕೇ ಬೆಳಿಗ್ಗೆ ತಡ, ಸಂಜೆಯೂ ತಡ.

ಇಪ್ಪತ್ತು ವರ್ಷದಿಂದ ಈ ಪಾಠ ಮಾಡಿದ್ದೇನೆ. ಇದನ್ನು ನೋಡಿರಲಿಲ್ಲ. ಮಾರನೇ ದಿನ ಕ್ಲಾಸಿನಲ್ಲಿ ಅವಳನ್ನೇ ಮುಂದೆ ನಿಲ್ಲಿಸಿ, ಅವಳ ಕೈಯಲ್ಲೇ ಬೋರ್ಡಿನ ಮೇಲೆ ಎರಡು ಸಾಲು ಸಮಯ ಬರೆಸಿದೆ. ಅವಳ ಮುಖ ಹೇಗೆ ಅರಳಿತು ಅಂತೀರಿ!

ಆ ದಿನದಿಂದ ನಾನು ಸಂಜೆಯನ್ನು ಗಮನಿಸಲು ಶುರು ಮಾಡಿದೆ. ಸ್ಕೂಲಿನಿಂದ ಬಂದು ನಮ್ಮ ಬೀದಿಯ ತುದಿಯಲ್ಲಿ ನಾನು ಇಳಿಯುವುದು ಆರೂಕಾಲರ ಸುಮಾರಿಗೆ. ನವೆಂಬರಿನಲ್ಲಿ ಆ ಹೊತ್ತಿಗೆ ಬೀದಿದೀಪ ಹತ್ತಿರುತ್ತಿತ್ತು. ಕೀಲಿ ಹುಡುಕಲು ಮೊಬೈಲಿನ ಬೆಳಕು ಬೇಕಾಗುತ್ತಿತ್ತು. ಫೆಬ್ರವರಿ ಮೊದಲ ವಾರ ಒಂದು ದಿನ ಇಳಿದು ನೋಡಿದರೆ ಎದುರುಮನೆಯ ಟ್ಯಾಂಕಿನ ಮೇಲೆ ಇನ್ನೂ ಬಿಸಿಲು. ನನ್ನ ನೆರಳು ಉದ್ದಕ್ಕೆ ನಮ್ಮ ಗೇಟಿನವರೆಗೆ ಬಿದ್ದಿತ್ತು. ಅಮ್ಮ ಸ್ವೆಟರು, ತಲೆಗೆ ಸ್ಕಾರ್ಫು, ಕಾಲಿಗೆ ನನ್ನ ಮಗನ ಹಳೇ ಸಾಕ್ಸು ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದಳು. ಎರಡು ತಿಂಗಳ ಮೇಲೆ ಅವಳು ಹೊಸಿಲು ದಾಟಿ ಹೊರಗೆ ಬಂದಿದ್ದು ಅವತ್ತೇ. “ಇಷ್ಟು ಬೆಳಕಿರುವಾಗ ಒಳಗೆ ಎಂತ ಮಾಡುದು?” ಅಂದಳು.

ಅದೇ ವಾರ ರಥಸಪ್ತಮಿ. ಎಕ್ಕದ ಎಲೆ ಏಳು. ತಲೆಗೊಂದು, ಭುಜಕ್ಕೆರಡು, ಮಂಡಿಗೆರಡು, ಪಾದಕ್ಕೆರಡು. ಎಲೆ ಕಿತ್ತ ಕಡೆ ಒಸರುವ ಹಾಲು ಕಣ್ಣಿಗೆ ತಾಗಬಾರದು ಅಂತ ಚಿಕ್ಕಂದಿನಲ್ಲಿ ಅಮ್ಮ ಎಲೆ ತೊಳೆದು ಒರೆಸಿ ಇಡುತ್ತಿದ್ದಳು. ಈ ಸಲ ತೊಳೆದಿದ್ದು ನಾನು, ಇಟ್ಟಿದ್ದೂ ನಾನು. ಬಿಸಿನೀರು ಹುಯ್ದಾಗ ಮಂಡಿಯ ಮೇಲಿನ ಎಲೆ ಜಾರಿ ಬಿತ್ತು. ಅವಳು ಅದನ್ನು ಎತ್ತಿ ಮತ್ತೆ ಮಂಡಿಯ ಮೇಲಿಟ್ಟುಕೊಂಡಳು. ನೋವಿದ್ದ ಮಂಡಿ ಅದು.

ಅಡುಗೆಮನೆಯಲ್ಲೂ ಚಳಿ ಹೋಗುವ ಸುದ್ದಿ ಒಂದೊಂದಾಗಿ ಬರುತ್ತಿತ್ತು. ಚಳಿಗಾಲ ಪೂರ್ತಿ ಮೊಸರಿಗೆ ಉಪಚಾರ ಮಾಡಿದ್ದೇ ಮಾಡಿದ್ದು. ಹಾಲು ಬೆಚ್ಚಗೆ ಮಾಡಿ, ಹೆಪ್ಪು ಜಾಸ್ತಿ ಹಾಕಿ, ತೊಟ್ಟಿರುವ ಹಸಿಮೆಣಸಿನಕಾಯಿ ಬಿಟ್ಟು, ಪಾತ್ರೆಗೆ ಟವೆಲ್ ಸುತ್ತಿ ಅಕ್ಕಿ ಡಬ್ಬಿಯೊಳಗೆ ಇಟ್ಟರೂ ಬೆಳಿಗ್ಗೆ ನೀರುನೀರು. ಫೆಬ್ರವರಿ ನಡುವೆ ಒಂದು ರಾತ್ರಿ ಸುಸ್ತಾಗಿ ಟವೆಲ್ ಸುತ್ತುವುದನ್ನೇ ಮರೆತು ಕಟ್ಟೆಯ ಮೇಲೆ ಬಿಟ್ಟಿದ್ದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಗಡ್ಡೆ ಮೊಸರು. ಚಮಚ ಹಾಕಿದರೆ ಕತ್ತರಿಸಿದ ಹಾಗೆ ಬಂತು. ದೋಸೆ ಹಿಟ್ಟಿಗೂ ಅಷ್ಟೇ. ಉಬ್ಬಿ, ಪಾತ್ರೆ ತುಂಬಿ, ಕಟ್ಟೆಯ ಮೇಲೆ ಸುರಿದಿತ್ತು. ಬೇರೆ ದಿನವಾದರೆ ಒರೆಸುವ ಕೆಲಸ ಬಂತಲ್ಲ ಅಂತ ಸಿಡಿಮಿಡಿ ಆಗುತ್ತಿದ್ದೆ. ಅವತ್ತು ಅಮ್ಮನನ್ನು ಕರೆದು ತೋರಿಸಿದೆ. ಇಬ್ಬರೂ ನಿಂತು ಆ ಗುಳ್ಳೆಗಳನ್ನು ನೋಡಿದೆವು.

ಅವರೆಕಾಯಿ ಮುಗಿಯಿತಲ್ಲ ಅನ್ನುವುದೊಂದೇ ಬೇಜಾರು. ಮಂಜು ಬಿದ್ದರೇ ಸೊಗಡು. ಅದನ್ನು ಚಳಿಗೆ ಬಿಟ್ಟುಕೊಡಲೇಬೇಕು.

ನನ್ನ ಸ್ಕೂಲು ಸಕಲೇಶಪುರದ ದಾರಿಯಲ್ಲಿದೆ. ದಿನಾ ಬೆಳಿಗ್ಗೆ ಎಂಟೂಕಾಲಕ್ಕೆ ಬಸ್ಸು. ಆಲೂರಿನ ಕಡೆ, ಪಾಳ್ಯ, ಬಾಳ್ಳುಪೇಟೆ. ಹಾಸನದ ಬಯಲು ಮುಗಿದು ಮಲೆನಾಡು ಶುರುವಾಗುವುದು ಈ ದಾರಿಯಲ್ಲೇ. ಮೊದಲು ಜೋಳದ ಕೂಳೆ, ಶುಂಠಿ ಹೊಲ. ಆಮೇಲೆ ಒಂದೊಂದೇ ಸಿಲ್ವರ್ ಓಕ್. ಆಮೇಲೆ ಕಾಫಿ. ಚಳಿಗಾಲದಲ್ಲಿ ಬಸ್ಸಿನ ಗಾಜೆಲ್ಲ ಮುಚ್ಚಿರುತ್ತದೆ, ಹೊರಗೆ ಬರೀ ಬಿಳಿ. ಫೆಬ್ರವರಿ ಬಂದಂತೆ ಮಂಜು ಬೇಗ ಏಳಲು ಶುರುವಾಗುತ್ತದೆ. ಆಗ ಮೊದಲು ಕಣ್ಣಿಗೆ ಬೀಳುವುದು ಹಾಲುವಾಣದ ಹೂವು. ಎಲೆಯೆಲ್ಲ ಉದುರಿ ಬೋಳಾದ ಮರ, ರೆಂಬೆಯ ತುದಿಯಲ್ಲಿ ಮಾತ್ರ ಕೆಂಪು ಗೊಂಚಲು. ಅದರ ಮೇಲೆ ಮೈನಾ ಹಕ್ಕಿಗಳ ಗಲಾಟೆ. ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸುವುದಕ್ಕೆ ಅಂತ ತೋಟದವರು ಹಾಕಿದ ಮರ ಅದು. ಬೇಲಿಯ ಸಾಲಿನಲ್ಲಿ ಬೂರುಗವೂ ಕೆಂಪು. ಅದರ ದಪ್ಪ ಹೂವು ರಸ್ತೆಗೆ ಬಿದ್ದು ಟೈರಿಗೆ ಸಿಕ್ಕಿ ಅಪ್ಪಚ್ಚಿ ಆಗಿರುತ್ತದೆ.

ಶಿವರಾತ್ರಿಯ ಮಾರನೇ ದಿನ ಗುರುವಾರ. ಎರಡನೇ ಪೀರಿಯಡ್. ಕಿಟಕಿ ತೆರೆದಿತ್ತು. ಪಾಠದ ಮಧ್ಯೆ ಒಂದು ಪರಿಮಳ ಬಂತು. ಯಾರೋ ಮಲ್ಲಿಗೆ ಮುಡಿದುಕೊಂಡು ಬಂದಿದ್ದಾರೆ ಅಂದುಕೊಂಡೆ. ಹಿಂದಿನ ಬೆಂಚಿನಿಂದ ಒಬ್ಬ, “ಕಾಫಿ ಹೂವಾಗೈತೆ ಮಿಸ್” ಅಂದ.

ಸ್ಕೂಲಿನ ಹಿಂದುಗಡೆ ಬೇಲಿ. ಬೇಲಿಯಾಚೆ ರೊಬಸ್ಟಾ ತೋಟ. ಒಂದೂಕಾಲು ವಾರದ ಹಿಂದೆ ಅಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಿದ್ದುದನ್ನು ನೋಡಿದ್ದೆವು. ಟಕಟಕ ಅಂತ ಇಡೀ ದಿನ ಸದ್ದು. ಕಾಫಿಗೆ ಹೂಮಳೆ ಅಂತ ಒಂದು ಬೇಕು. ಮೊಗ್ಗುಗಳು ಬೇಸಿಗೆಯ ಒಣಗಿನಲ್ಲಿ ಹಾಗೇ ಮಲಗಿರುತ್ತವೆ. ಒಂದು ಒಳ್ಳೆ ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಅರಳುತ್ತದೆ. ಮಳೆಗೆ ಕಾಯಲಾಗದವರು ಕೆರೆಯ ನೀರೆತ್ತಿ ಚಿಮ್ಮಿಸುತ್ತಾರೆ. ಇಲ್ಲಿಯವರು ಮಳೆಯನ್ನು ಅಳೆಯುವುದು ಸೆಂಟಿನ ಲೆಕ್ಕದಲ್ಲಿ, ಇಂಚಿಗೆ ನೂರು ಸೆಂಟು. “ನಿಮ್ಮ ಕಡೆ ಎಷ್ಟಾಯ್ತು?” “ಎಂಬತ್ತು ಸೆಂಟು” ಅಂತ ಬಸ್ಸಿನಲ್ಲಿ ಮಾತಾಡಿಕೊಳ್ಳುತ್ತಿರುತ್ತಾರೆ. ಹೂವಾದ ಮೇಲೆ ಇನ್ನೊಂದು ಮಳೆ ಬೇಕು, ಅದಕ್ಕೆ ಬ್ಯಾಕಿಂಗ್ ಅನ್ನುತ್ತಾರೆ. ಅದು ಬಂದರೆ ಕಾಯಿ ನಿಲ್ಲುತ್ತದೆ.

ಪಾಠ ನಿಲ್ಲಿಸಿ ಮಕ್ಕಳನ್ನು ಬೇಲಿಯ ಹತ್ತಿರ ಕರೆದುಕೊಂಡು ಹೋದೆ. ಯಾರೂ ಕೀಳಬಾರದು ಅಂತ ಮೊದಲೇ ಹೇಳಿದೆ. ಹೇಳಬೇಕಾಗಿರಲಿಲ್ಲ. ಹೂವಿಗೆ ಕೈ ಹಾಕಿದರೆ ಒಂದು ಹಿಡಿ ಕಾಯಿ ಹೋಯಿತು ಅಂತ ಆ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ಬೇಲಿಯಿಂದ ಈಚೆಗೆ ಚಾಚಿದ್ದ ಒಂದು ರೆಂಬೆಯನ್ನು ಹತ್ತಿರದಿಂದ ನೋಡಿದೆವು. ರೆಂಬೆಯ ಉದ್ದಕ್ಕೂ ಎಲೆ ಜೋಡಿಯಾಗಿ ಹುಟ್ಟುವ ಗಿಣ್ಣು. ಒಂದೊಂದು ಗಿಣ್ಣಿಗೂ ಒಂದೊಂದು ಬಿಳೀ ಚೆಂಡು. ಒಳಗೆ ಎಷ್ಟು ಹೂವಿದೆ ಅಂತ ಎಣಿಸಲು ಹೋಗಿ ಇಪ್ಪತ್ತರ ಮೇಲೆ ಲೆಕ್ಕ ತಪ್ಪಿತು. ಎಸಳು ಎಣಿಸಲು ಹೇಳಿದೆ. ಒಬ್ಬಳು ಐದು ಅಂದಳು, ಇನ್ನೊಬ್ಬ ಆರು ಅಂದ, ಜಗಳವಾಯಿತು. ಇಬ್ಬರದ್ದೂ ಸರಿ. ಅರೇಬಿಕಾಕ್ಕೆ ಸಾಮಾನ್ಯವಾಗಿ ಐದೇ ಎಸಳು, ರೊಬಸ್ಟಾದಲ್ಲಿ ಐದರಿಂದ ಏಳರವರೆಗೂ ಇರುತ್ತದೆ. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬರಬೇಕು. ಗಾಳಿ ತರಬೇಕು, ಇಲ್ಲ ಜೇನು ತರಬೇಕು. ಅದಕ್ಕೇ ಇಡೀ ತೋಟ ಗುಂಯ್ ಅನ್ನುತ್ತಿತ್ತು. ಕಣ್ಣು ಮುಚ್ಚಿ ಕೇಳಿ ಅಂದೆ. ನಲವತ್ತು ಮಕ್ಕಳು ಬೇಲಿಯ ಹತ್ತಿರ ಕಣ್ಣು ಮುಚ್ಚಿ ನಿಂತಿದ್ದವು. ಯಾರೂ ನಗಲಿಲ್ಲ. ಅಲ್ಲಿ ನಿಂತಿದ್ದಷ್ಟು ಹೊತ್ತು ನನ್ನ ಕಿವಿಯಲ್ಲಿ ಅಮ್ಮನ ಎದೆಯ ಸದ್ದು ಇರಲಿಲ್ಲ. ಅದು ಇರಲಿಲ್ಲ ಅಂತ ಗೊತ್ತಾಗಿದ್ದು ವಾಪಸ್ ಕ್ಲಾಸಿಗೆ ಬಂದ ಮೇಲೆ.

ಆ ಹೂವು ಇರುವುದು ಮೂರ್ನಾಲ್ಕು ದಿನ. ಸೋಮವಾರ ಹೋಗುವಷ್ಟರಲ್ಲಿ ಕಂದಾಗಿ ಹೋಗಿತ್ತು. ನೋಡದೆ ಇದ್ದಿದ್ದರೆ ಮತ್ತೆ ಮುಂದಿನ ವರ್ಷವೇ.

ಶನಿವಾರ ಅರ್ಧ ದಿನ ಸ್ಕೂಲು. ಬರುವಾಗ ಕಟ್ಟಿನಕೆರೆ ಮಾರ್ಕೆಟ್ಟಿಗೆ ಹೋದೆ. ಚಳಿಗಾಲದಲ್ಲಿ ಮಲ್ಲಿಗೆ ಕೈಗೆ ಹತ್ತುವುದಿಲ್ಲ. ಗಿಡದಲ್ಲಿ ಹೂವೇ ಕಮ್ಮಿ, ರೇಟು ಜಾಸ್ತಿ. ಸೇವಂತಿಗೆ, ಕನಕಾಂಬರದಲ್ಲೇ ಕಾಲ ಹಾಕುವುದು. ಅವತ್ತು ಹೂವಿನವರು ಬುಟ್ಟಿ ತುಂಬ ಮಲ್ಲಿಗೆ ಇಟ್ಟುಕೊಂಡು ಕೂತಿದ್ದರು. “ಬಾ ಅಕ್ಕ, ಮೊಳ ಇಪ್ಪತ್ತಕ್ಕೆ ಬಂತು” ಅಂದರು. ಸಂಕ್ರಾಂತಿಗೆ ಅರವತ್ತು ಕೊಟ್ಟಿದ್ದೆ. ಎರಡು ಮೊಳ ತೆಗೆದುಕೊಂಡೆ. ಅಳೆಯುವಾಗ ಮೊಳಕೈ ದಾಟಿಸಿ ನಾಲ್ಕು ಬೆರಳು ಜಾಸ್ತಿಯೇ ಬಿಟ್ಟರು.

ಅಮ್ಮ ಕುಂದಾಪುರದ ಕಡೆಯವಳು. ಮಲ್ಲಿಗೆ ಕೈಗೆ ಕೊಟ್ಟರೆ ಯಾವಾಗಲೂ ಒಂದೇ ಮಾತು. “ನಮ್ಮೂರಲ್ಲಿ ಮೊಳದ ಲೆಕ್ಕ ಇಲ್ಲ. ಚೆಂಡು, ಅಟ್ಟೆ. ಬಾಳೆನಾರಿನಲ್ಲಿ ಕಟ್ಟಬೇಕು.” ಮದುವೆಯಾಗಿ ಹಾಸನಕ್ಕೆ ಬಂದು ಐವತ್ತು ವರ್ಷ ಆಯಿತು. ಮಲ್ಲಿಗೆಯಲ್ಲಿ ಮಾತ್ರ ಅವಳು ಇನ್ನೂ ಅಲ್ಲೇ ಇದ್ದಾಳೆ. ಮೂಸಿ ನೋಡಿದಳು. ಉದ್ದಕ್ಕೆ ಉಸಿರು ಎಳೆದುಕೊಂಡಳು. ನಾನು ಹೂವು ನೋಡಲಿಲ್ಲ, ಅವಳ ಎದೆ ನೋಡುತ್ತಿದ್ದೆ. ಕೆಮ್ಮಿಲ್ಲದೆ ಉಸಿರು ಒಳಗೆ ಹೋಗಿ ಹೊರಗೆ ಬಂತು.

ಇನ್ನು ಹೇಳಬೇಕಾಗಿರುವುದು ಟ್ರಂಕಿನ ವಿಷಯ.

ಮಾರ್ಚ್ 9, ಭಾನುವಾರ. ರಗ್ಗು, ಕಂಬಳಿ, ಸ್ವೆಟರು ಎಲ್ಲ ಒಗೆದು ಮೇಲೆ ಎತ್ತಿಡುವ ದಿನ ಅಂತ ನಿರ್ಧಾರ ಮಾಡಿದ್ದೆ. ಬೆಳಿಗ್ಗೆ ಎಂಟಕ್ಕೆ ಟೆರೇಸಿನ ಗೋಡೆಯ ಮೇಲೆ ನಾಲ್ಕು ರಗ್ಗು ಹರವಿದೆ. ಹಾಸಿಗೆಗಳನ್ನೂ ಹೊತ್ತು ತಂದು ಹಾಕಿದೆ. ಎಲ್ಲೋ ಒಂದು ಹಕ್ಕಿ ಕಂಚುಗಾರ ಪಾತ್ರೆ ಬಡಿದ ಹಾಗೆ ಟಂಕ್ ಟಂಕ್ ಟಂಕ್ ಅಂತ ಬಿಡದೆ ಕೂಗುತ್ತಿತ್ತು. ಚಳಿಯಲ್ಲಿ ಅದರ ಸದ್ದೇ ಇರಲಿಲ್ಲ. ಹತ್ತು ಗಂಟೆಗೆ ಕೆಳಗಿನಿಂದ ಅಮ್ಮನ ಹೆಜ್ಜೆ ಕೇಳಿಸಿತು. ಹದಿನೆಂಟು ಮೆಟ್ಟಿಲು. ಆರಕ್ಕೆ ಒಂದು ಸಲ ನಿಂತಳು, ಹನ್ನೆರಡಕ್ಕೆ ಒಂದು ಸಲ ನಿಂತಳು. ನಾನು ಕೈ ಕೊಡಲು ಇಳಿದೆ, ಬೇಡ ಅಂದಳು. ಮೇಲೆ ಬಂದವಳೇ ಬಿಸಿಲಿಗೆ ಕಾದಿದ್ದ ಹಾಸಿಗೆಯ ಮೇಲೆ ಬೆನ್ನು ಆನಿಸಿ ಕೂತು ಕಾಲು ಚಾಚಿದಳು. ಸಾಕ್ಸು ತೆಗೆದಳು. ಒಡೆದಿದ್ದ ಹಿಮ್ಮಡಿ ಕೂಡಿಕೊಳ್ಳುತ್ತಿತ್ತು. ಬಿರುಕಿನ ಗೆರೆ ಮಾತ್ರ ಉಳಿದಿತ್ತು. ಒಂದು ಗಂಟೆ ಅಲ್ಲೇ ಇದ್ದಳು. ಏನೂ ಮಾತಾಡಲಿಲ್ಲ. ನಾನು ಸುಮ್ನೆ ಪಕ್ಕದಲ್ಲಿ ಕೂತಿದ್ದೆ.

ಸಂಜೆ ಒಣಗಿದ ರಗ್ಗು ಮಡಿಸಿದೆ. ಬಿಸಿಲಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ರೂಮಿನಲ್ಲಿ ಮಂಚದ ಕೆಳಗಿದ್ದ ಅಮ್ಮನ ತಗಡಿನ ಟ್ರಂಕು ಎಳೆದೆ. ನುಸಿಗುಳಿಗೆ ಹಾಕುವ ಮೊದಲು ತಳಕ್ಕೆ ಹೊಸ ಪೇಪರ್ ಹಾಸೋಣ ಅಂತ ಹಳೆಯ ಕಾಗದ ಎತ್ತಿದೆ. ಮೇಲೆ ನ್ಯೂಸ್‌ಪೇಪರ್. ಅದರ ಕೆಳಗೆ ಹಳೇ ಕ್ಯಾಲೆಂಡರಿನ ಹಾಳೆಗಳು. ಅಂಚು ಹಳದಿ ತಿರುಗಿ, ಮುಟ್ಟಿದರೆ ಪುಡಿಯಾಗುವಂತಿದ್ದವು. 1975ರದ್ದು, 78ರದ್ದು, 83, 91. ಒಂದೊಂದು ಚೌಕದಲ್ಲೂ ಅಮ್ಮನ ಸಣ್ಣ ಅಕ್ಷರ. ಹಾಲು ಅರ್ಧ ಲೀಟರ್. ಹಾಲು ಇಲ್ಲ. ಅಗಸ 14 ಬಟ್ಟೆ. ಗ್ಯಾಸ್ ಬಂತು. ಅತ್ತೆ ಊರಿಗೆ.

ಅದೆಲ್ಲ ಸೀಸದಕಡ್ಡಿಯಲ್ಲಿ ಬರೆದಿದ್ದು. ಆದರೆ ಪ್ರತಿ ವರ್ಷ ಫೆಬ್ರವರಿ ಕೊನೆಗೋ ಮಾರ್ಚ್ ಮೊದಲಿಗೋ ಒಂದು ಚೌಕದಲ್ಲಿ ಮಾತ್ರ ನೀಲಿ ಇಂಕು. ಎರಡೇ ಅಕ್ಷರ. ಎ.ಕ.

1975ರಲ್ಲಿ ಮಾರ್ಚ್ 8. 1983ರಲ್ಲಿ ಮಾರ್ಚ್ 1. 1991ರಲ್ಲಿ ಫೆಬ್ರವರಿ 24. ಏನಿರಬಹುದು? ಎಲ್.ಐ.ಸಿ. ಕಂತು ಕಟ್ಟುವುದಾ? ಏಕಾದಶಿಯಾ? ಏಕಾದಶಿಯಾದರೆ ‘ಏ’ ಆಗಬೇಕಿತ್ತು. ಹಾಳೆ ಹಿಡಿದುಕೊಂಡು ಹೋಗಿ ಕೇಳಿದೆ.

ಅಮ್ಮ ಕನ್ನಡಕ ಹಾಕಿಕೊಂಡು ನೋಡಿದಳು. ಬಹಳ ಹೊತ್ತು ನೋಡಿದಳು. “ಎಣ್ಣೆ ಕರಗಿತು” ಅಂದಳು.

ಆಮೇಲೆ ಹೇಳಿದಳು. ಮದುವೆಯಾಗಿ ಬಂದ ಮೊದಲ ಚಳಿಗಾಲ. ತೌರಿನಿಂದ ತಂದಿದ್ದು ಒಂದು ದೊಡ್ಡ ಬಾಟಲಿ ಎಣ್ಣೆ, ಅವರ ಮನೆಯ ತೆಂಗಿನಕಾಯಿಯದ್ದೇ, ಗಾಣಕ್ಕೆ ಕೊಟ್ಟು ಆಡಿಸಿದ್ದು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಬಾಟಲಿಯೊಳಗೆಲ್ಲ ಬಿಳಿ. “ನಮ್ಮೂರಲ್ಲಿ ಹೆಚ್ಚು ಅಂದ್ರೆ ಸ್ವಲ್ಪ ಮಂಕಾಗ್ತಿತ್ತು ಅಷ್ಟೇ. ಹೀಗೆ ಕಲ್ಲಾದ್ದು ನಾನು ಕಂಡೇ ಇರ್ಲಿಲ್ಲ. ಹಾಳಾಯ್ತು ಅಂತ ಮಾಡಿದೆ ಮಾರಾಯ್ತಿ. ಅಪ್ಪಯ್ಯ ಅಷ್ಟು ದೂರದಿಂದ ಕಳಿಸಿದ್ದು ಅಂತ ಅತ್ತುಬಿಟ್ಟೆ.” ಅಪ್ಪ ಬಂದು ಬಾಟಲಿಯನ್ನು ಬಿಸಿಲಿಗಿಟ್ಟು ತೋರಿಸಿದರಂತೆ. ಚಳಿ ಮುಗಿಯುವವರೆಗೆ ಹೀಗೇ, ಆಮೇಲೆ ಸರಿಹೋಗುತ್ತದೆ ಅಂದರಂತೆ. ಅವತ್ತಿನಿಂದ ಅಮ್ಮ ದಿನಾ ನೋಡುತ್ತಾ ಕಾದಳು. ಮಾರ್ಚ್ 8ಕ್ಕೆ ಬೆಳಿಗ್ಗೆ ಎಣ್ಣೆ ಹರಿಯಿತು. ಅಪ್ಪನ ಇಂಕ್ ಪೆನ್ನು ತೆಗೆದುಕೊಂಡು ಕ್ಯಾಲೆಂಡರಿನಲ್ಲಿ ಬರೆದಳು. ಪೂರ್ತಿ ಬರೆದರೆ ಅತ್ತೆ ನೋಡಿ ಏನಂದುಕೊಳ್ಳುತ್ತಾರೋ ಅಂತ ಎರಡೇ ಅಕ್ಷರ.

“ಎಣ್ಣೆ ಕರಗಿದ್ರೆ ನಮ್ಮೂರ ಹಾಗೆ ಆಯ್ತು ಅಂತ ಲೆಕ್ಕ” ಅಂದಳು.

ನಾನು ಇನ್ನೊಂದು ಸಲ ಹಾಳೆಗಳನ್ನು ಜೋಡಿಸಿ ನೋಡಿದೆ. ಅಡಿಯಲ್ಲಿ 1981ರದ್ದೂ ಇತ್ತು. ಅದರಲ್ಲಿ ಎಲ್ಲೂ ಎ.ಕ. ಇಲ್ಲ. ಜನವರಿಯಿಂದ ಮೇವರೆಗೆ ಚೌಕಗಳೆಲ್ಲ ಖಾಲಿ, ಹಾಲಿನ ಲೆಕ್ಕ ಕೂಡ ಇಲ್ಲ. ಆ ಫೆಬ್ರವರಿಯಲ್ಲಿ ನಾನು ಹುಟ್ಟಿದ್ದು. ಅಮ್ಮ ಬಾಣಂತನಕ್ಕೆ ಕುಂದಾಪುರದಲ್ಲಿದ್ದಳು.

ಆ ಹಾಳೆಗಳನ್ನು ಟ್ರಂಕಿಗೆ ಮತ್ತೆ ಹಾಕಲು ಮನಸ್ಸು ಬರಲಿಲ್ಲ. ನನ್ನ ಸ್ಕೂಲಿನ ಫೈಲೊಂದು ಖಾಲಿ ಮಾಡಿ ಅದರಲ್ಲಿ ಜೋಡಿಸಿಟ್ಟೆ. ಅಡುಗೆಮನೆಗೆ ಹೋಗಿ ಗೋಡೆಯ ಮೇಲಿನ ಈ ವರ್ಷದ ಕ್ಯಾಲೆಂಡರ್ ಮೊಳೆಯಿಂದ ತೆಗೆದೆ. ಮಾರ್ಚ್ 3ರ ಚೌಕದಲ್ಲಿ ಸೀಸದಕಡ್ಡಿಯಲ್ಲಿ ಎ.ಕ. ಅಂತ ಬರೆದು ಅಮ್ಮನಿಗೆ ತೋರಿಸಿದೆ.

ಅವಳು ಕನ್ನಡಕ ಸರಿಮಾಡಿಕೊಂಡು ನೋಡಿ ತಲೆ ಅಲ್ಲಾಡಿಸಿದಳು. “ಮೂರು ಅಲ್ಲ, ಎರಡು. ಭಾನುವಾರ ರಾತ್ರಿ ನಾನು ಬಚ್ಚಲಿಗೆ ಹೋದಾಗ ಬಾಟಲಿ ಬಗ್ಗಿಸಿ ನೋಡಿದ್ದೆ. ಆಗಲೇ ಗಡ್ಡೆ ಇರ್ಲಿಲ್ಲ.”

“ರಾತ್ರಿ ಅಲ್ಲ ಅಮ್ಮ, ಲೆಕ್ಕ ಬೆಳಿಗ್ಗೆಯದ್ದು ಅಲ್ವಾ?” ಅಂದೆ.

“ರಾತ್ರಿ ಎಷ್ಟು ಗಂಟೆ ಅಂತ ಮಾಡಿದಿ? ಮೂರೂವರೆ” ಅಂದಳು. “ನೀನು ಚೆನ್ನಾಗಿ ನಿದ್ದೆ ಮಾಡ್ತಿದ್ದಿ. ಎಬ್ಬಿಸಲಿಲ್ಲ.”

ಮೂರೂವರೆ ಅಂದರೆ ಸೋಮವಾರವೇ ಆಯಿತು ಅಂದೆ. ಸೂರ್ಯ ಹುಟ್ಟುವವರೆಗೆ ಭಾನುವಾರವೇ ಅಂದಳು. ಪಂಚಾಂಗದ ಪ್ರಕಾರ ಅವಳು ಹೇಳಿದ್ದು ಸರಿ. ರಬ್ಬರಿನಿಂದ ಅಳಿಸಿದೆ. ಹಿಂದಿನ ಚೌಕವನ್ನು ಅವಳ ಮುಂದಿಟ್ಟು ನೀಲಿ ಪೆನ್ನು ಕೈಗೆ ಕೊಟ್ಟೆ. ಕೈ ಸ್ವಲ್ಪ ನಡುಗುತ್ತಿತ್ತು. ಎ ಬರೆದಳು, ಚುಕ್ಕಿ ಇಟ್ಟಳು. ಕ ಬರೆದಳು, ಇನ್ನೊಂದು ಚುಕ್ಕಿ ಇಟ್ಟಳು. ಇಂಕು ಆರಲಿ ಅಂತ ಊದಿದಳು.